ಬೊಂಬೆಯ ಹೆಸರು ಕೇಳದ ನರ್ಸ್

2015ರಲ್ಲಿ ನಾನು ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಶಿಕ್ಷಣ ಸಂಯೋಜಕಿಯಾಗಿದ್ದೆ. ಡಿಪ್ಲೊಮಾ ಮಾತ್ರ ಇರುವ ನರ್ಸ್‌ಗಳು ವರ್ಷಾಂತ್ಯದೊಳಗೆ ಪದವಿ ಮುಗಿಸದಿದ್ದರೆ ಅವರ ಒಪ್ಪಂದ ನವೀಕರಿಸುವುದಿಲ್ಲ ಎಂದು ಆಡಳಿತ ಮೊದಲೇ ತಿಳಿಸಿತ್ತು. ಹೆಂಗಸರ ವಾರ್ಡಿನ ಜುಲೇಖಾ ಅಂಥವರಲ್ಲಿ ಒಬ್ಬರು. ಉಳ್ಳಾಲದವರು, ಹನ್ನೊಂದು ವರ್ಷದ ಅನುಭವ. ಕೆಲಸ ಹೋದರೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯೂ ಹೋಗಿ ಊರಿಗೆ ಮರಳಬೇಕಿತ್ತು. ಹಾಗಾಗಿ ಎರಡು ವರ್ಷದಿಂದ ಆನ್‌ಲೈನ್ ಬಿಎಸ್ಸಿ ಓದುತ್ತಿದ್ದರು.

ಆನ್‌ಲೈನ್ ನರ್ಸಿಂಗ್ ಎಂದರೆ ಎಲ್ಲವೂ ಪರದೆಯ ಮೇಲೆ ಎಂದು ಹಲವರು ತಿಳಿದಿದ್ದಾರೆ. ಪಾಠ, ಲಿಖಿತ ಪರೀಕ್ಷೆಗಳು ಮಾತ್ರ ಹಾಗೆ. ಕೈಕೆಲಸವನ್ನು ಸ್ಕಿಲ್ಸ್ ಲ್ಯಾಬ್‌ನಲ್ಲಿ, ಮನುಷ್ಯ ಗಾತ್ರದ ರಬ್ಬರ್ ಬೊಂಬೆಯ ಮೇಲೆ ಮಾಡಿ ತೋರಿಸಬೇಕು. ಅಲ್ಲಿ ಪಾಸಾದವರಿಗಷ್ಟೇ ಕ್ಲಿನಿಕಲ್ ರೊಟೇಷನ್: ತಮ್ಮದಲ್ಲದ ವಾರ್ಡುಗಳಲ್ಲಿ, ಮೇಲ್ವಿಚಾರಕರ ಕೈಕೆಳಗೆ ವಿದ್ಯಾರ್ಥಿಯಾಗಿ 120 ಗಂಟೆ. ನಮ್ಮ ಲ್ಯಾಬ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ವಿಶ್ವವಿದ್ಯಾಲಯದ ಪರೀಕ್ಷಕಿ ಕ್ಯಾಮರಾ ಮೂಲಕ ನೋಡುತ್ತಿದ್ದರು.

ಜುಲೇಖಾ ಬೊಂಬೆಯ ಕೈಗೆ ಡ್ರಿಪ್ ಸೂಜಿಯನ್ನು ಒಂದೇ ಸಲಕ್ಕೆ, ಎರಡೇ ನಿಮಿಷದಲ್ಲಿ ಹಾಕಿದರು. ಅಷ್ಟು ಅಚ್ಚುಕಟ್ಟಾಗಿ ಹಾಕಿದ್ದನ್ನು ನಾನು ಕಂಡಿದ್ದು ಕಡಿಮೆ. ಫಲಿತಾಂಶ: ಫೇಲ್. ಹೆಸರು ಕೇಳಿರಲಿಲ್ಲ, ಮಣಿಕಟ್ಟಿನ ಗುರುತುಪಟ್ಟಿ ನೋಡಿರಲಿಲ್ಲ, ಅಲರ್ಜಿ ವಿಚಾರಿಸಿರಲಿಲ್ಲ. ಗುರುತು ನೋಡದಿದ್ದರೆ ಉಳಿದ ಹಂತಗಳು ಸರಿಯಿದ್ದರೂ ಲೆಕ್ಕಕ್ಕಿಲ್ಲ.

"ಎಂತ ಮೇಡಂ, ಬೊಂಬೆ ಹತ್ರ ಹೆಸರು ಕೇಳ್ಲಿಕ್ಕುಂಟಾ? ಅದು ಹೇಳ್ತದಾ?" ಎಂದು ಸಿಟ್ಟಾದರು.

ಇನ್ನೊಂದೇ ಅವಕಾಶವಿತ್ತು, ಹತ್ತು ದಿನ ಬಿಟ್ಟು. ಮರುದಿನ ಬೆಳಿಗ್ಗೆ ನಾನು ಅವರ ವಾರ್ಡಿನಲ್ಲಿ ಸುಮ್ಮನೆ ನಿಂತು ನೋಡಿದೆ. ಜೀವಂತ ರೋಗಿಗಳ ಹೆಸರನ್ನೂ ಅವರು ಕೇಳುತ್ತಿರಲಿಲ್ಲ. ಎಲ್ಲರ ಮುಖ ಪರಿಚಯವಿತ್ತು, ಎಲ್ಲರ ಮಕ್ಕಳ ಸುದ್ದಿಯೂ ಗೊತ್ತಿತ್ತು. ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಇದಕ್ಕೆ ಬೊಂಬೆಯ ಮುಂದೆ ಕಂಠಪಾಠ ಮಾಡಿಸಿ ಪ್ರಯೋಜನವಿಲ್ಲ ಎನಿಸಿತು. ಬೊಂಬೆಯ ಜಾಗದಲ್ಲಿ ಮನುಷ್ಯರನ್ನು ಮಲಗಿಸಿದೆ. ಡ್ಯೂಟಿ ಮುಗಿಸಿದ ನರ್ಸ್‌ಗಳು ಸರದಿಯಂತೆ ಬಂದು ಬುರ್ಖಾದಲ್ಲಿ ಮುಖ ಮುಚ್ಚಿಕೊಂಡು ಮಲಗುತ್ತಿದ್ದರು. ಗುರುತುಪಟ್ಟಿಯಲ್ಲಿ ಒಮ್ಮೆ ಸರಿ ಹೆಸರು, ಒಮ್ಮೆ ತಪ್ಪು. ಸೂಜಿ ಚರ್ಮದ ತನಕ ಬಂದರೆ ಅಭ್ಯಾಸ ಅಲ್ಲಿಗೆ ನಿಲ್ಲುತ್ತಿತ್ತು.

ಎರಡನೆಯ ದಿನ ಮಲಗಿದ್ದವರು ಶಿರ್ವದ ಲವೀನಾ. ಜುಲೇಖಾ ಫಾತಿಮಾ ಎಂಬ ರೋಗಿಯ ಆದೇಶಪತ್ರ ಹಿಡಿದು ಬಂದವರು ನೇರವಾಗಿ ಕೈ ಹಿಡಿದರು.

"ಅಯ್ಯೋ ಮಾರಾಯ್ತಿ, ಪಟ್ಟಿ ನೋಡು, ನಾನು ಆಮಿನಾ! ಫಾತಿಮಾ ಆಚೆ ಬೆಡ್! ಆಯ್ತು, ನನ್ನನ್ನು ಕೊಂದು ಹಾಕಿದಿ!"

"ನೀನು ಬಾಯಿ ಮುಚ್ಚಿದ್ರೆ ತಾನೇ ಸಾಯುವುದು," ಎಂದರು ಜುಲೇಖಾ. ಆದರೂ ಮುಖ ಸಣ್ಣದಾಗಿತ್ತು. ಏಳನೆಯ ದಿನದ ಹೊತ್ತಿಗೆ ಅವರನ್ನು ಯಾರಿಂದಲೂ ಮೋಸಗೊಳಿಸಲಾಗಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಪರೀಕ್ಷಕಿ ನನಗೊಂದು ಸೂಚನೆ ಕಳಿಸಿದ್ದರು. ಅದರಂತೆ ಬೊಂಬೆಯ ಕೈಗೆ ಕಟ್ಟಿದ ಪಟ್ಟಿಯಲ್ಲಿ ಹೆಸರು ಸರಿಯಾಗಿತ್ತು, ಫೈಲ್ ಸಂಖ್ಯೆಯ ಕೊನೆಯ ಅಂಕಿ ಮಾತ್ರ ವೈದ್ಯರ ಆದೇಶಪತ್ರಕ್ಕಿಂತ ಬೇರೆಯಿತ್ತು. ನಾನು ಬಾಯಿ ಬಿಡುವಂತಿರಲಿಲ್ಲ.

ಜುಲೇಖಾ ಸಲಾಂ ಹೇಳಿದರು, ತಮ್ಮ ಹೆಸರು ಹೇಳಿದರು, ಬೊಂಬೆಯ ಹೆಸರು ಕೇಳಿದರು. ಪಟ್ಟಿ ಓದಿದರು, ಆದೇಶಪತ್ರ ಓದಿದರು, ಮತ್ತೆ ಪಟ್ಟಿಗೆ ಬಂದರು. ನಂತರ ಟ್ರೇಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಯಾಕೆ ನಿಲ್ಲಿಸಿದಿರಿ? ಸಮಯ ಓಡುತ್ತಿದೆ," ಎಂದರು ಪರೀಕ್ಷಕಿ ಇಂಗ್ಲಿಷಿನಲ್ಲಿ.

"ಸಂಖ್ಯೆ ಹೊಂದುವುದಿಲ್ಲ. ಇದನ್ನು ಸರಿ ಮಾಡದೆ ನಾನು ಸೂಜಿ ಮುಟ್ಟುವುದಿಲ್ಲ."

ಪರೀಕ್ಷಕಿ ಪಟ್ಟಿ ಬದಲಿಸಲು ನನಗೆ ಹೇಳಿದರು. ಜುಲೇಖಾ ಮೊದಲಿನಿಂದ ಶುರು ಮಾಡಿ ಒಂದು ಹಂತವನ್ನೂ ಬಿಡದೆ ಮುಗಿಸಿದರು. ಆರು ನಿಮಿಷ ಹಿಡಿಯಿತು. ಫಲಿತಾಂಶ ಪರದೆಯ ಮೇಲೆ ಬಂದಾಗ ಬಾಗಿಲಾಚೆ ಕಾಯುತ್ತಿದ್ದ ಲವೀನಾ ಹಾಕಿದ ಕೇಕೆಗೆ ಸೆಕ್ಯುರಿಟಿಯವರು ಓಡಿ ಬಂದರು. ರೊಟೇಷನ್‌ನ 120 ಗಂಟೆಗಳೂ ಸಮಯಕ್ಕೆ ಮುಗಿದವು. ಡಿಸೆಂಬರಿನಲ್ಲಿ ಒಪ್ಪಂದ ನವೀಕರಣವಾಯಿತು.

ಅನುಭವ ಹೆಚ್ಚಿದಂತೆ ಕೈಗೆ ವೇಗ ಬರುತ್ತದೆ, ಆ ವೇಗದಲ್ಲಿ ಬಿಟ್ಟುಹೋದದ್ದು ನಮಗೇ ಕಾಣುವುದಿಲ್ಲ. ಅದಕ್ಕೆ ಬೇರೆಯವರ ಕಣ್ಣು ಬೇಕು. ಹತ್ತು ವರ್ಷ ದಾಟಿದ ನರ್ಸ್‌ಗಳಿಗೆ ವಾರ್ಷಿಕ ಕೌಶಲ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿದ್ದವಳು ನಾನೇ. ಆ ನಿಯಮ ತೆಗೆದುಹಾಕಿ, ಪರೀಕ್ಷೆ ಕೊಡಬೇಕಾದವರ ಹೊಸ ಪಟ್ಟಿಯ ಮೊದಲ ಹೆಸರಾಗಿ ನನ್ನದನ್ನು ಬರೆದೆ. ನನ್ನ ಸರದಿಯ ದಿನ ಪರೀಕ್ಷಕಿಯಾಗಿ ಜುಲೇಖಾ ಕುಳಿತಿದ್ದರು.

"ಎಲ್ಲ ಸರಿ ಉಂಟು ಮೇಡಂ. ಅಲರ್ಜಿ ಒಂದು ಕೇಳ್ಲಿಲ್ಲ ನೀವು," ಎಂದು ಹಾಳೆ ಮಡಚಿದರು. "ಮುಂದಿನ ವಾರ ಪುನಃ ಬನ್ನಿ."