ಹಿಂದಿನ ಸಾಲಿನ ದಡ್ಡ

ಮೊನ್ನೆ ಹಿತ್ತಲಿನ ಬೇಲಿಗೆ ಹಬ್ಬಿದ್ದ ತೊಂಡೆಬಳ್ಳಿಯನ್ನು ಕಿತ್ತುಹಾಕುತ್ತಿದ್ದೆ. ಎಲೆಯ ರಸ ಬೆರಳಿಗೆಲ್ಲ ಹತ್ತಿ, ಆ ಹಸಿ ವಾಸನೆ ಮೂಗಿಗೆ ಬಂತು. ಹೊಳಲ್ಕೆರೆಯ ನಮ್ಮ ಸ್ಕೂಲಿನಲ್ಲಿ ಶನಿವಾರ ಅಂದರೆ ಇದೇ ವಾಸನೆ. ಬೆಳಗಿನ ಕ್ಲಾಸು ಮುಗಿದು ಮಕ್ಕಳು ಮನೆಗೆ ಓಡಿದ ಮೇಲೆ ನಮ್ಮ ಹೆಡ್ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಇದ್ದಿಲಪುಡಿಗೆ ತೊಂಡೆಸೊಪ್ಪಿನ ರಸ ಕಲಸಿ, ತಾವೇ ಬೋರ್ಡಿಗೆ ಬಳಿಯುತ್ತಿದ್ದರು. ಅದು ಒಣಗುವಷ್ಟರಲ್ಲಿ ಟೀಚರುಗಳಾದ ನಾವು ಪುಸ್ತಕ ಮತ್ತೊಮ್ಮೆ ತಿರುವಿಹಾಕುತ್ತಿದ್ದೆವು. ಯಾಕೆಂದರೆ ಅಲ್ಲಿಂದ ಮುಂದೆ ಪಾಠ ನಮಗೆ.

ಸ್ಕೂಲು ಅಂದರೆ ಏನು ಮಹಾ! ಎಪ್ಪತ್ತರ ದಶಕದ ಮೊದಲಲ್ಲಿ ಕಡ್ಲೆಕಾಯಿ ಮಿಲ್ಲಿನವರು ಬಿಟ್ಟುಕೊಟ್ಟ ಗೋದಾಮು. ನಡುವೆ ತಟ್ಟಿ ಕಟ್ಟಿ ಮಾಡಿದ ಕ್ಲಾಸುಗಳು, ನೆಲಕ್ಕೆ ಗೋಣಿಚೀಲ. ಊರಿನ ನಾಲ್ಕು ಜನ ಸೇರಿ ಕಮಿಟಿ ಮಾಡಿಕೊಂಡು ನಡೆಸುತ್ತಿದ್ದ ಖಾಸಗಿ ಸ್ಕೂಲು. ಕುರಿ ಕಾಯುವವರ ಮಕ್ಕಳು, ಹೊಲಮನೆಯವರ ಮಕ್ಕಳು ಬರುತ್ತಿದ್ದರು. ಪಾಠ ಹೇಳುವ ನಾವೋ, ಎಸ್ಸೆಸ್ಸೆಲ್ಸಿ ಪಾಸಾಗಿ ಬೇರೆ ಕೆಲಸ ಸಿಗದೆ ಬಂದವರು. ಒಬ್ಬರಿಗೂ ಟ್ರೈನಿಂಗ್ ಆಗಿರಲಿಲ್ಲ. ಹೆಡ್ ಮೇಷ್ಟ್ರಿಗೂ ಆಗಿರಲಿಲ್ಲ.

ಅದಕ್ಕೇ ಅವರು ಈ ಶನಿವಾರದ ಪದ್ಧತಿ ಮಾಡಿದ್ದರು. ನಮ್ಮಲ್ಲಿ ಒಬ್ಬರು ಪಾಠ ಮಾಡಬೇಕು, ಉಳಿದವರು ಗೋಣಿಚೀಲದ ಮೇಲೆ ಮಕ್ಕಳಾಗಿ ಕೂರಬೇಕು. ಅವರು ಬಾಗಿಲ ಹತ್ತಿರ, ಕೊನೇ ಸಾಲಿನಲ್ಲಿ, ಕ್ಲಾಸಿನ ಎಲ್ಲರಿಗಿಂತ ದಡ್ಡ ಹುಡುಗನಾಗಿ ಕೂರುತ್ತಿದ್ದರು. ನರೆತ ತಲೆಯ ಮನುಷ್ಯ ಕೈಕಟ್ಟಿ ಕೂತರೆ ಮೊದಮೊದಲು ನಮಗೆ ನಗು. ಬೋರ್ಡಿನ ಮುಂದೆ ನಿಂತಾಗ ಗೊತ್ತಾಗುತ್ತಿತ್ತು ಪಾಡು.

ನನ್ನ ಮೊದಲ ಶನಿವಾರ ಭಿನ್ನರಾಶಿಯ ಭಾಗಾಕಾರ ಸಿಕ್ಕಿತು. ಅರ್ಧವನ್ನು ಕಾಲು ಭಾಗದಿಂದ ಭಾಗಿಸಬೇಕು. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ, ಉತ್ತರ ಎರಡು ಅಂದೆ. ನಾನು ಓದುವಾಗ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದೂ ಅಷ್ಟೇ. ಹಿಂದಿನಿಂದ ಕೈ ಎದ್ದಿತು.

“ಅರ್ಥ ಆಗ್ಲಿಲ್ಲ ಟೀಚರ್. ಯಾಕೆ ತಲೆಕೆಳಗು ಮಾಡ್ಬೇಕು? ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ಲ, ಜಾಸ್ತಿ ಹೆಂಗಾತು?”

ಮತ್ತೆ ಹೇಳಿದೆ. ಮತ್ತೆ ಕೈ. ಇನ್ನೊಂದು ಥರ ಹೇಳಿದೆ. ಮತ್ತೆ ಕೈ. ನನಗೆ ಸಿಟ್ಟು ನೆತ್ತಿಗೇರಿತು, ಕಣ್ಣಲ್ಲಿ ನೀರೂ ಬಂತು. ಕೊನೆಗೆ ಡಬ್ಬಿಯಲ್ಲಿದ್ದ ರೊಟ್ಟಿ ತೆಗೆದು ಅರ್ಧ ಮುರಿದು, “ಈ ಅರ್ಧದಾಗೆ ಎಷ್ಟು ಕಾಲು ರೊಟ್ಟಿ ಅವೆ, ನೀವೇ ನೋಡ್ಕಳ್ರಿ!” ಎಂದು ಹೆಚ್ಚುಕಮ್ಮಿ ಕಿರುಚಿದೆ. ಅವರು ಎದ್ದು ಬಂದು ಅದರಲ್ಲಿ ಕಾಲು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, “ಹಿಂಗ್ ಹೇಳು ಮತ್ತೆ” ಅಂದರು.

ಅರ್ಥ ಆಯಿತು ಅಂತ ಮಾತ್ರ ಅವರು ಯಾರಿಗೂ ಹೇಳಿದವರಲ್ಲ. ಒಂದು ಸಲ ಯಾಕೆ ಅಂತ ನಾನು ಕೇಳಿದ್ದಕ್ಕೆ, “ಹಂಗಂದ್ರೆ ನೀವು ಅಲ್ಲಿಗೇ ನಿಲ್ಲಿಸ್ಬಿಡ್ತೀರಿ ಕಣಮ್ಮ” ಅಂದಿದ್ದರು.

ಹೀಗಿರುವಾಗ ಇನ್ಸ್‌ಪೆಕ್ಟರು ಬಂದರು. ಪಾಠ ಕೇಳಿ ತಲೆದೂಗಿದರು. ಹೋಗುವಾಗ, ಟ್ರೈನಿಂಗ್ ಆದವರು ಹೆಡ್ ಆಗದೆ ಸ್ಕೂಲಿಗೆ ಮಾನ್ಯತೆ ಸಿಗುವುದಿಲ್ಲ ಅಂದರು. ಮಾನ್ಯತೆ ಇಲ್ಲದಿದ್ದರೆ ಏಳನೇ ಕ್ಲಾಸಿನ ಮಕ್ಕಳು ಪಬ್ಲಿಕ್ ಪರೀಕ್ಷೆಗೆ ಕೂರುವಂತಿಲ್ಲ, ಸ್ಕೂಲು ಮುಚ್ಚಬೇಕು. ಹೆಡ್ ಮೇಷ್ಟ್ರಿಗೆ ಟ್ರೈನಿಂಗಿನ ವಯಸ್ಸು ಮೀರಿ ಹೋಗಿತ್ತು. ಅವರೇ ಕಮಿಟಿಯವರ ಮುಂದೆ ನನ್ನ ಹೆಸರು ಹೇಳಿದರು. ಟ್ರೈನಿಂಗ್ ಇದ್ದ ಚಿತ್ರದುರ್ಗದಲ್ಲಿ ನನಗೆ ಸೋದರಮಾವನ ಮನೆ ಇತ್ತಲ್ಲ, ಉಳಿಯುವ ಯೋಚನೆ ಇರಲಿಲ್ಲ.

“ನಿಮ್ಮ ಗತಿ ಏನ್ ಸಾರ್?” ಅಂದೆ.

“ಕುಂತ್ಕಳಕೆ ಗೋಣಿಚೀಲ ಐತಲ್ಲ, ಹೋಗಿ ಬಾರಮ್ಮ” ಅಂದರು.

ದುರ್ಗದಲ್ಲಿ ಟ್ರೈನಿಂಗ್ ಮುಗಿಸಿ ಬಂದೆ. ಪಾಠಯೋಜನೆ ಬರೆಯುವುದು, ಚಾರ್ಟು ಮಾಡುವುದು ಎಲ್ಲ ಕಲಿತಿದ್ದೆ. ಅರ್ಥ ಆಗಲಿಲ್ಲ ಅಂತ ಅಲ್ಲಿ ಯಾರಾದರೂ ಕೈ ಎತ್ತಿದ್ದು ನೆನಪಿಲ್ಲ... ಬಂದ ದಿನವೇ ಅವರು ಕುರ್ಚಿ ಒರೆಸಿ, “ಕುಂತ್ಕಳ್ರಿ ಮೇಡಂ” ಅಂದರು. ಶನಿವಾರದ ಪಾಠದ ಹೊರಗೆ ಅವರು ನನಗೆ ಹಾಗೆ ಮರ್ಯಾದೆ ಕೊಟ್ಟಿದ್ದು ಅದೇ ಮೊದಲು. ಕೂತೆ. ಬೇಜಾರಾಯಿತೇ ಅಂದರೆ, ಇಲ್ಲ. ಏನೂ ಆಗಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

ಆ ಶನಿವಾರ ಬೋರ್ಡಿಗೆ ಅವರೇ ಬಳಿದರು. ಪಾಠದ ಸರದಿ ನಾನೇ ಕೇಳಿ ತೆಗೆದುಕೊಂಡೆ. ಅದೇ ಭಾಗಾಕಾರ ಎತ್ತಿಕೊಂಡೆ, ರೊಟ್ಟಿಯ ಸುದ್ದಿ ತೆಗೆಯಲಿಲ್ಲ. ತಲೆಕೆಳಗು ಮಾಡಿ ಗುಣಿಸಿ ಅಂದೆ, ಯಾಕೆ ಅಂತ ಬೇಕಂತಲೇ ಹೇಳಲಿಲ್ಲ. ಹೇಳಿ ಕೊನೇ ಸಾಲಿನ ಕಡೆಗೇ ನೋಡುತ್ತಾ ನಿಂತೆ. ಎತ್ತಿ ಸಾರ್, ಕೈ ಎತ್ತಿ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಕೈಕಟ್ಟಿ ಕೂತೇ ಇದ್ದರು. ನಾನೇ ಕೇಳಿದೆ, “ಅರ್ಥ ಆತಾ?”

“ಅರ್ಥ ಆತು ಟೀಚರ್” ಅಂದರು.

ಪಂಚೆಗೆ ಹತ್ತಿದ ಗೋಣಿಯ ನಾರು ಕೊಡವಿಕೊಂಡು ಎದ್ದು ಹೋದರು. ಸೋಮವಾರ ಬರಲಿಲ್ಲ. ಹೊರಕೆರೆದೇವಪುರದ ಕಡೆ ಅವರ ಊರು. ಬರಲು ಹೇಳಿಕಳಿಸಿದೆ. ಆರಾಮಾಗಿದೀನಿ ಅಂತ ಉತ್ತರ ಬಂತು. ಸ್ಕೂಲಿಗೆ ಮಾನ್ಯತೆ ಸಿಕ್ಕಿತು, ಮಕ್ಕಳು ಪರೀಕ್ಷೆಗೆ ಕೂತರು. ಕೆಲವು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅವರು ತೀರಿಕೊಂಡ ಸುದ್ದಿ ಹೇಳಿದರು. ಹೌದಾ ಅಂದೆ. ಬಸ್ಸು ಬಂತು, ಹತ್ತಿದೆ...

ಆ ಕುರ್ಚಿಯಲ್ಲೇ ಕೂತು ರಿಟೈರ್ ಆದೆ. ಆಮೇಲೂ ಹೊಸದುರ್ಗ, ಹಿರಿಯೂರು ಅಂತ ಸಣ್ಣಪುಟ್ಟ ಸ್ಕೂಲಿನ ಟೀಚರುಗಳಿಗೆ ತರಬೇತಿ ಕೊಡಲು ಕರೆಯುತ್ತಿದ್ದರು, ಹೋಗುತ್ತಿದ್ದೆ. ಹೋದಲ್ಲೆಲ್ಲ ಮೊದಲು ಆ ಭಾಗಾಕಾರವನ್ನೇ ಹಾಗೇ, ಯಾಕೆ ಅಂತ ಹೇಳದೆ, ಮಾಡಿ ತೋರಿಸುತ್ತಿದ್ದೆ. ತೋರಿಸಿ, ಬಾಗಿಲ ಹತ್ತಿರದ ಕೊನೇ ಸಾಲಿನ ಕಡೆ ನೋಡುತ್ತಿದ್ದೆ. ಎಲ್ಲರೂ ಒಟ್ಟಿಗೆ ತಲೆಯಾಡಿಸಿ, ಅರ್ಥ ಆಯ್ತು ಮೇಡಂ ಅನ್ನುತ್ತಿದ್ದರು.