ರುಮಾಲು ಬಿಟ್ಟು ಬಂದ ಅಪ್ಪ

ಹೈದರಾಬಾದಿನಲ್ಲಿ ವೇಷ ನೋಡಿ ದರ ಹೇಳುತ್ತಾರೆ. ಚೌಕಾಸಿಗೆ ನಿಲ್ಲುವ ಮೊದಲು ಬಟ್ಟೆ ಬದಲಿಸಿರಿ ಎಂದು ನಮ್ಮ ಕಡೆಯಿಂದ ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಊರಲ್ಲಿದ್ದ ಅಪ್ಪನಿಗೂ ಕಾಗದ ಬರೆದೆ: ಮನೆ ಮಾಲೀಕರು ನಗುತ್ತಾರೆ, ರುಮಾಲು ಬಿಟ್ಟು ಬಾ, ಬೀದಿಯಲ್ಲಿ ಕನ್ನಡ ಬೇಡ.

ಅಪ್ಪ ಎಲ್ಲಿ ಕೇಳಿಯಾನು ಎಂದುಕೊಂಡು ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಕೆಂಪು ರುಮಾಲನ್ನೇ ಹುಡುಕುತ್ತಿದ್ದೆ. "ಬಾಬೂ, ಬಾಬೂ" ಎಂದು ಯಾರೋ ತೆಲುಗಿನಲ್ಲಿ ಕರೆದರು. ತಿರುಗಿ ನೋಡಲಿಲ್ಲ. ಕೊನೆಗೆ ಬರಿದಲೆಯ ಮುದುಕನೊಬ್ಬ ತೋಳು ಹಿಡಿದ. ಅಪ್ಪ!

ವರ್ಷಗಟ್ಟಲೆ ರುಮಾಲಿನಡಿ ಬಿಸಿಲು ಕಾಣದ ಅವನ ಹಣೆಯ ಮೇಲ್ಭಾಗ ಬೆಳ್ಳಗಿತ್ತು.

"ನೀ ಹೇಳಿದಂಗ ಬಂದೀನಿ, ಯಾಕ ಹಂಗ ನೋಡ್ತಿ?" ಎಂದ. ಆಮೇಲೆ ದನಿ ತಗ್ಗಿಸಿ, "ಈಗರೆ ಮಂದಿಗೆ ನಮ್ಮಪ್ಪ ಅಂತ ಹೇಳ್ತೀ ಏನಪಾ?" ಎಂದು ಕೇಳಿದ.