ಗುಣವತಿ ಟೀಚರ್ ಕೇಳಿದ ಪ್ರಶ್ನೆ

ಸೋಮವಾರ ಹತ್ತಿರ ಬಂದಷ್ಟೂ ಕುಶಲಾ ಕ್ಯಾಲೆಂಡರಿನ ಎದುರು ನಿಲ್ಲುವುದು ಹೆಚ್ಚಾಯಿತು. ಅಂದು ಮಂಗಳೂರಿನ ಬಲ್ಮಠದ ಹತ್ತಿರದ ಕಾನ್ವೆಂಟಿನಲ್ಲಿ ಮಗಳು ಅಕ್ಷತಾಳಿಗೆ ಇಂಟರ್‌ವ್ಯೂ. ನಾಲ್ಕು ತುಂಬಿದ ಹುಡುಗಿ ಬಾಯಿಯೇ ಬಿಡುವುದಿಲ್ಲ. ಬೇಕಿದ್ದರೆ ತಲೆ ಅಲ್ಲಾಡಿಸುತ್ತಾಳೆ, ಬೇಡವಾದರೆ ತಟ್ಟೆ ದೂಡುತ್ತಾಳೆ. ಎರಡು ವರ್ಷಕ್ಕೆ ಚಟಪಟ ಮಾತಾಡುತ್ತಿದ್ದ ಮಗು ಕಳೆದ ಮಳೆಗಾಲದ ಜ್ವರದ ನಂತರ ಸುಮ್ಮನಾಯಿತು ಎಂದು ಕುಶಲಾಳ ಲೆಕ್ಕ. ಡಾಕ್ಟರು ಕಿವಿ ನೋಡಿದರು, ನಾಲಗೆ ನೋಡಿದರು, ಏನೂ ದೋಷವಿಲ್ಲ ಅಂದರು. ಅವಳಿಗೆ ನಂಬಿಕೆ ಬರಲಿಲ್ಲ. ಮಗು ಮಲಗಿದ ಮೇಲೆ ಟಾರ್ಚ್ ಹಿಡಿದು ತಾನೇ ಬಾಯೊಳಗೆ ಇಣುಕಿದಳು.

ಮನೆಯಲ್ಲಿ ಅವಳು ಮಾಡದ ಪ್ರಯತ್ನವಿಲ್ಲ. ಅದೇ ಮಳೆಗಾಲದಿಂದ ಮಗುವಿನ ಎದುರು ಕನ್ನಡ, ಇಂಗ್ಲಿಷ್ ಮಾತ್ರ, ತುಳು ಕೂಡದು ಎಂದು ಗಂಡ ತಾರಾನಾಥನಿಗೂ ಕಟ್ಟಪ್ಪಣೆ ಮಾಡಿದ್ದಳು. ಕಾನ್ವೆಂಟಿನಲ್ಲಿ ತುಳು ಯಾರು ಕೇಳುತ್ತಾರೆ? ಕೊಟ್ಟಾರದ ಆ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ತುಳುವಿನಲ್ಲಿ ಜಗಳವಾಡಬೇಕಾದರೂ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇಂಥ ಹೊತ್ತಿಗೆ ಅಜ್ಜಿ ಇರಬೇಕಿತ್ತು ಎಂದು ಅವಳಿಗೆ ಮತ್ತೆ ಮತ್ತೆ ಅನಿಸುತ್ತಿತ್ತು. ಅಮ್ಮನ ಅಮ್ಮ, ಗುಣವತಿ ಟೀಚರ್, ತೀರಿಕೊಂಡು ಐದು ತಿಂಗಳಾಗಿತ್ತು.

ಬಜಪೆಯಿಂದ ಒಳಗೆ, ಗದ್ದೆ ಬದುವಿನಲ್ಲಿ ನಡೆದು ಹೋಗಬೇಕಾದ ಊರಿನ ಶಾಲೆಯಲ್ಲಿ ಗುಣವತಿ ಎರಡು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಅವರ ಸ್ವಂತ ಮಕ್ಕಳೂ ಅದೇ ಶಾಲೆ. ಶಾಲೆಯಲ್ಲಿ 'ಅಮ್ಮ' ಅನ್ನಬಾರದು ಎಂದದ್ದಕ್ಕೆ ಅವರೆಲ್ಲ ಮನೆಯಲ್ಲೂ 'ಟೀಚರ್, ಗಂಜಿ ಬಡಿಸಿ' ಅನ್ನಲು ಶುರು ಮಾಡಿದರು, ಗುಣವತಿ ತೀರಿಕೊಳ್ಳುವವರೆಗೂ ಅದೇ ಉಳಿಯಿತು. ಹೆಣ್ಣಿನ ಕಡೆಯಿಂದ ನಡೆದು ಬಂದ ದೊಡ್ಡ ಮನೆತನ ಅವರದ್ದು. ಇಂಥ ಮನೆಯ ಹೆಣ್ಣು ಸಂಬಳಕ್ಕೆ ಹೋಗುವುದೆಂದರೇನು ಎಂದು ಅಣ್ಣ ಒಂದು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲವಂತೆ. ಎಪ್ಪತ್ತರ ದಶಕದಲ್ಲಿ ಗೇಣಿ ಗದ್ದೆಗಳೆಲ್ಲ ಉತ್ತವರ ಪಾಲಾದ ಮೇಲೆ ಅಷ್ಟು ದೊಡ್ಡ ಮನೆಯ ಒಲೆ ಉರಿದದ್ದು ಅದೇ ಸಂಬಳದಲ್ಲಿ. ಆಮೇಲೆ ಅಣ್ಣನೇ ಬೆಳಿಗ್ಗೆ ಅವರ ಕೊಡೆ ಒರೆಸಿ ಚಾವಡಿಯ ಗೋಡೆಗೆ ಒರಗಿಸಿಡುತ್ತಿದ್ದರು.

ಹಾಗೆ ಇವರ ಗದ್ದೆ ಪಡೆದ ಒಕ್ಕಲು ಚೆನ್ನಪ್ಪನ ಮಕ್ಕಳೂ ಅವರ ಕ್ಲಾಸಿನಲ್ಲೇ ಇದ್ದರು. ಊರವರು ಏನಾಗುತ್ತದೋ ಎಂದು ಕಾದರು. ಏನೂ ಆಗಲಿಲ್ಲ. ಟೀಚರ್ ಆ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದರು. ತೆನೆ ಹಬ್ಬದ ಬೆಳಿಗ್ಗೆ ಚೆನ್ನಪ್ಪ ಅದೇ ಗದ್ದೆಯ ಹೊಸ ಕದಿರಿನ ಕಟ್ಟು ತಂದು ಅಂಗಳದಲ್ಲಿ ನಿಂತ.

"ಟೀಚರ್, ಮನೆಗೆ ಕಟ್ಟಲಿಕ್ಕೆ ಕದಿರು ಬೇಕಲ್ಲ."

"ಬೇಕು. ಆದರೆ ನಿನ್ನ ಮಗನ ಉಗುರು ಕತ್ತರಿಸಿ ಕಳಿಸು ಮಾರಾಯ, ಸ್ಲೇಟು ಕೆರೆದು ಹಾಳು ಮಾಡ್ತಾನೆ."

ಆ ಕದಿರು ಪ್ರತಿವರ್ಷ ಬಂತು. ಟೀಚರ್ ಹೋದ ಮೇಲೂ ಬರುತ್ತದೆ ಎಂದು ಚೆನ್ನಪ್ಪ ಅವರ ಬೊಜ್ಜದ ದಿನ, ಉತ್ತರಕ್ರಿಯೆಯ ಊಟದ ಎಲೆಯ ಮುಂದೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದ್ದ.

ಒಂದನೇ ಕ್ಲಾಸಿನಲ್ಲಿ ಟೀಚರಿನ ಕ್ರಮವೇ ಬೇರೆ. ಹೊಸ ಮಕ್ಕಳಿಗೆ ಮಳೆಗಾಲ ಮುಗಿಯುವ ತನಕ ಅವರವರ ಮನೆಯ ಮಾತೇ. ತುಳುವಿನವರಿಗೆ ತುಳು, ಬ್ಯಾರಿ ಮಕ್ಕಳಿಗೆ ಟೀಚರ್ ತಾವೇ ತಪ್ಪುತಪ್ಪಾಗಿ ಆಡುವ ಬ್ಯಾರಿ ಭಾಷೆ, ಅದಕ್ಕೆ ಮಕ್ಕಳ ನಗು ಬೇರೆ. ಕನ್ನಡ ಅದರ ಬೆನ್ನಿಗೆ ಮೆಲ್ಲಗೆ ಬರುತ್ತಿತ್ತು. ಮಾತಾಡದ ಮಗುವನ್ನು ಅವರು ಮಾತಾಡು ಅನ್ನುತ್ತಲೇ ಇರಲಿಲ್ಲ. ಗಂಟೆ ಬಾರಿಸುವ ಕೆಲಸ ಕೊಡುತ್ತಿದ್ದರು.

ಕುಶಲಾ ಕಣ್ಣಾರೆ ಕಂಡದ್ದೊಂದಿತ್ತು. ಅವಳು ಮಂಗಳೂರಿನಲ್ಲಿ ಪಿಯುಸಿ ಓದುತ್ತಿದ್ದ ವರ್ಷ, ಮುಷ್ಕರದಿಂದ ಕಾಲೇಜಿಗೆ ರಜೆ ಸಿಕ್ಕಿ ಅಜ್ಜಿಯ ಮನೆಗೆ ಹೋಗಿದ್ದಳು. ಬುತ್ತಿ ಕೊಡಲು ಶಾಲೆಗೆ ಹೋದರೆ ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಶಾಲಾ ಇನ್‌ಸ್ಪೆಕ್ಟರು ಒಂದನೇ ಕ್ಲಾಸಿನಲ್ಲಿ ನಿಂತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ನಿನ್ನ ಹೆಸರೇನು, ಅಪ್ಪನ ಹೆಸರೇನು ಎಂದು ಕನ್ನಡದಲ್ಲಿ ಕೇಳುತ್ತಿದ್ದರು. ಮಕ್ಕಳು ಕಣ್ಣು ಪಿಳಿಪಿಳಿ ಬಿಟ್ಟವು. ಮಕ್ಕಳು ಮಂದ ಎಂದು ಬರೆಯಬೇಕಾಗುತ್ತದೆ ಎಂದರು ಇನ್‌ಸ್ಪೆಕ್ಟರು.

ಗುಣವತಿ ಟೀಚರ್ ಕುರ್ಚಿ ಎಳೆದು ಅವರನ್ನು ಕೂರಿಸಿ, ನೀರು ಕೊಟ್ಟು, ನಗುತ್ತಾ ಕೇಳಿದರು: "ಈರೆನ ಪುದರ್ ದಾನೆ?"

ಇನ್‌ಸ್ಪೆಕ್ಟರು ಲೋಟ ಹಿಡಿದುಕೊಂಡು ಅವರ ಮುಖ ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ನಿಮ್ಮ ಹೆಸರೆಂತ ಅಂತ ಕೇಳಿದ್ದು ಸಾರ್. ಮಕ್ಕಳೂ ನಿಮ್ಮನ್ನು ಹೀಗೆಯೇ ನೋಡಿದ್ದು."

ಇನ್‌ಸ್ಪೆಕ್ಟರು ಏನು ಬರೆದರೋ ಗೊತ್ತಿಲ್ಲ, ಹೊರಡುವಾಗ ಗೇಟಿನ ಹತ್ತಿರ ಹೆಸರಿಗೆ ಪುದರ್ ಅಲ್ಲವೇ ಎಂದು ಇನ್ನೊಮ್ಮೆ ಕೇಳಿಕೊಂಡು ಹೋದರು. ಈ ಕಥೆಯನ್ನು ಕುಶಲಾ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಹೇಳಿ ನಗಿಸಿದ್ದಳೋ.

ಕಳೆದ ನವರಾತ್ರಿಯ ಹೊತ್ತಿಗೆ ಕಣ್ಣಿನ ಪೊರೆ ತೆಗೆಸಲು ಬಂದ ಅಜ್ಜಿ ಕೊಟ್ಟಾರದ ಮನೆಯಲ್ಲಿ ಕೆಲವು ದಿನ ಉಳಿದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಿಲ ಮೆಟ್ಟಿಲಲ್ಲಿ ಕೂತು ಮೀನಿನವಳೊಡನೆ ಚೌಕಾಶಿ ಮಾಡುವಾಗಲೂ ಅಕ್ಷತಾ ಅವರ ಸೆರಗಿಗೆ ಅಂಟಿಕೊಂಡೇ ಇರುತ್ತಿದ್ದಳು. ಮಗುವಿಗೆ ಒತ್ತಾಯ ಮಾಡಬೇಡ, ತುಳುವೇ ಇರಲಿ ಎಂದು ಅಜ್ಜಿ ಒಮ್ಮೆ ಹೇಳಿದಾಗ ಕುಶಲಾ ಸಿಡುಕಿದ್ದಳು: ನಿಮ್ಮ ಕಾಲ ಬೇರೆ ಅಜ್ಜಿ, ಈಗ ಸೀಟು ಸಿಗಬೇಕಲ್ಲ. ಅಜ್ಜಿ ನಕ್ಕಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಕುಶಲಾ ಒಳಗೆ ಬಟ್ಟೆ ಮಡಚುತ್ತಿದ್ದಳು. ಹಿತ್ತಿಲಲ್ಲಿ ಮೀನು ಮಾರುವ ನೆಲ್ಲಿ ಬುಟ್ಟಿ ಇಳಿಸಿದ ಸದ್ದು ಕೇಳಿತು. ಅದರ ಹಿಂದೆಯೇ ಇನ್ನೊಂದು ಸ್ವರ, ಸಣ್ಣದು, ಸ್ಪಷ್ಟ ತುಳುವಿನಲ್ಲಿ. ಈ ಬಂಗುಡೆ ನಿನ್ನೆಯದ್ದು, ಕಣ್ಣು ಕೆಂಪಾಗಿದೆ, ನಮಗೆ ಬೇಡ.

ಕುಶಲಾಳ ಕೈಯಲ್ಲಿದ್ದ ಲಂಗ ಹಾಗೆಯೇ ಉಳಿಯಿತು. ಕಿಟಕಿಗೆ ಬಂದು ನೋಡಿದರೆ ಅಕ್ಷತಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ, ಥೇಟು ಟೀಚರ್. ಕುಶಲಾ ಹೊರಗೆ ಕಾಲಿಟ್ಟದ್ದೇ ತಡ, ಮಗು ಬಾಯಿ ಮುಚ್ಚಿತು.

"ನಿಮ್ಮ ಮಗಳು ವ್ಯಾಪಾರ ಮಾಡ್ಲಿಕ್ಕೆ ಬಿಡುವುದಿಲ್ಲ ಅಮ್ಮ. ಟೀಚರಮ್ಮ ಹೋದರು ಅಂತ ನಾನು ಬಚಾವ್ ಅಂದುಕೊಂಡಿದ್ದೆ," ಎಂದು ನಕ್ಕಳು ನೆಲ್ಲಿ.

"ಇವಳು ನಿನ್ನ ಹತ್ರ ಮಾತಾಡ್ತಾಳಾ?"

"ದಿನಾ. ನೀವು ಬಂದರೆ ಇಲ್ಲ. ಅಮ್ಮನ ಎದುರು ತುಳು ಆಡಬಾರದಂತೆ, ಹಾಗಾಗಿ ಮಾತೇ ಬೇಡ ಅಂತೆ. ಅವಳೇ ಹೇಳಿದ್ದು."

ಅಜ್ಜಿ ಕೂರುತ್ತಿದ್ದ ಮೆಟ್ಟಿಲಲ್ಲೇ ಕುಶಲಾ ಕೂತಳು. ಜ್ವರವಲ್ಲ, ನಾಲಗೆಯಲ್ಲ. ಹೇಳಿದ ಮಾತನ್ನು ಮಗು ಚಾಚೂ ತಪ್ಪದೆ ಪಾಲಿಸಿತ್ತು, ಅಷ್ಟೆ. ಇನ್‌ಸ್ಪೆಕ್ಟರಿನ ಕಥೆ ಹೇಳಿ ನಗಿಸಿದವಳೇ ಮನೆಯಲ್ಲಿ ಇನ್‌ಸ್ಪೆಕ್ಟರಾಗಿ ಕೂತಿದ್ದಳು.

ಎಷ್ಟೋ ದಿನದ ನಂತರ ಅವಳು ಮಗಳನ್ನು ತುಳುವಿನಲ್ಲಿ ಕರೆದಳು. ಯಾವ ಮೀನು ಬೇಕು ಎಂದು ಕೇಳಿದಳು. ಅಕ್ಷತಾ ಮೊದಲು ನೆಲ್ಲಿಯ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿ, ಮೆಲ್ಲಗೆ ಬೂತಾಯಿ ಅಂದಳು.

ಇಳಿಜಾರಿನ ಕೆಳಗಿನ ಮನೆಯಲ್ಲಿದ್ದ ಮಾಲೀಕ ಮೋಹನದಾಸ್ ರಾಯರಲ್ಲಿ ಫೋನ್ ಇತ್ತು, ಕಸೂತಿ ಬಟ್ಟೆ ಹೊದೆಸಿ, ಡಯಲಿಗೆ ಸಣ್ಣ ಬೀಗ ಹಾಕಿ ಇಟ್ಟದ್ದು. ಮಾತಾಡದ ಮಗುವನ್ನು ಸೇರಿಸಿಕೊಳ್ಳುತ್ತೀರಾ ಎಂದು ಶಾಲೆಯವರನ್ನು ಕೇಳಬೇಕೆಂದು ಕುಶಲಾ ವಾರವಿಡೀ ಅದರ ಸುತ್ತ ಸುಳಿದು, ಸೀಟು ತಪ್ಪೀತೆಂದು ಹೆದರಿ ವಾಪಸು ಬಂದಿದ್ದಳು. ಈಗ ಮಗಳ ಕೈ ಹಿಡಿದು ಇಳಿದಳು. ರಾಯರು ಬೀಗ ತೆಗೆದುಕೊಟ್ಟರು.

ಆ ಕಡೆ ಎತ್ತಿದ್ದು ಹೆಡ್‌ಮಿಸ್ಟ್ರೆಸ್ ಸಿಸ್ಟರೇ. ಕುಶಲಾ ಒಂದೇ ಉಸಿರಿಗೆ ಕೇಳಿದಳು.

"ಸಿಸ್ಟರ್, ಸೋಮವಾರ ನನ್ನ ಮಗಳಿಗೆ ಇಂಟರ್‌ವ್ಯೂ ಉಂಟು. ಅವಳು ತುಳುವಿನಲ್ಲಿ ಉತ್ತರ ಹೇಳಿದರೆ ಆಗ್ತದಾ? ಬೇರೆ ಭಾಷೆ ಈಗ ಬರುವುದಿಲ್ಲ. ಆಗುವುದಿಲ್ಲ ಅಂದರೆ ಮುಂದಿನ ವರ್ಷ ಕರ್ಕೊಂಡು ಬರ್ತೇನೆ."

ಗರಗರ ಸದ್ದಿನ ನಡುವೆ ಸಿಸ್ಟರ್ ಕೇಳಿದರು: "ಹೆಸರೆಂತ ಮಗುವಿನದ್ದು?"

ಹೇಳಲು ಬಾಯಿ ತೆರೆದವಳು ತಡೆದಳು. ಮಂಡಿಯೂರಿ ಕೂತು, ರಿಸೀವರನ್ನು ಮಗಳ ಕೆನ್ನೆಗೆ ಹಿಡಿದು, ಹೆಸರು ಕೇಳುತ್ತಿದ್ದಾರೆ, ಹೇಳು ಎಂದು ತುಳುವಿನಲ್ಲಿ ಅಂದಳು.

"ಅಕ್ಷತಾ," ಎಂದಿತು ಮಗು. ಒಂದು ಕ್ಷಣ ಯೋಚಿಸಿ, ಟೀಚರಜ್ಜಿ ಕಲಿಸಿದ ಮರ್ಯಾದೆ ಬಿಡದೆ, ಆ ಕಡೆಯವರನ್ನು ತಾನೂ ಕೇಳಿತು: "ಈರೆನ ಪುದರ್ ದಾನೆ?"